ಒಂದೇ ಡಬ್ಬಿಯ ಚೀಟಿಗಳು

ಫುಟ್‌ಬಾಲ್ ಆಟದಲ್ಲಿ ತಂಡಗಳ ಬಲಾಬಲವನ್ನು ತೀರ್ಮಾನಿಸುವುದಕ್ಕೆ ಎಲ್ಲೆಡೆ ರೂಢಿಯಲ್ಲಿರುವ ಕ್ರಮಗಳು ಎರಡು. ಪ್ರತಿಯೊಂದು ತಂಡವೂ ಉಳಿದೆಲ್ಲ ತಂಡಗಳೊಡನೆ ಆಡಿ, ಗೆಲುವಿಗೆ ಇಷ್ಟು, ಸಮಕ್ಕೆ ಇಷ್ಟು ಎಂದು ಅಂಕ ಕೂಡಿಸಿಕೊಂಡು, ಋತುವಿನ ಕೊನೆಗೆ ಯಾರ ಲೆಕ್ಕ ಹೆಚ್ಚೋ ಅವರನ್ನು ವಿಜಯಿಗಳೆಂದು ಸಾರುವ ಕ್ರಮಕ್ಕೆ ಲೀಗ್ ಎಂದು ಹೆಸರು. ಸೋತ ತಂಡ ಅಂದೇ ಹೊರಬಿದ್ದು, ಗೆದ್ದ ತಂಡ ಮುಂದಿನ ಸುತ್ತಿಗೆ ಹೋಗಿ, ಸುತ್ತಿನಿಂದ ಸುತ್ತಿಗೆ ಅರ್ಧರ್ಧ ಕರಗುತ್ತ ಕಡೆಗೆ ಒಂದೇ ತಂಡ ಉಳಿಯುವ ಕ್ರಮಕ್ಕೆ ನಾಕೌಟ್ ಅಥವಾ ಕಪ್ ಪಂದ್ಯಾವಳಿ ಎಂದು ಹೆಸರು. ಹದಿನಾರು ತಂಡಗಳು ಒಮ್ಮೊಮ್ಮೆ ಎದುರಾಗುವ ಲೀಗಿಗೆ 120 ಪಂದ್ಯಗಳು ಬೇಕು, ಅದೇ ಹದಿನಾರು ತಂಡಗಳ ಕಪ್ಪಿಗೆ 15 ಪಂದ್ಯ ಸಾಕು, ಏಕೆಂದರೆ ಒಂದೊಂದು ಪಂದ್ಯಕ್ಕೂ ಒಂದೊಂದು ತಂಡ ಮನೆಗೆ ಹೋಗಬೇಕು ಮತ್ತು ಹದಿನೈದು ತಂಡಗಳು ಮನೆಗೆ ಹೋದರೆ ಉಳಿಯುವುದು ಒಂದೇ. ಕಪ್ ಪಂದ್ಯಾವಳಿಯ ಆಕರ್ಷಣೆಯನ್ನು ವಿವರಿಸುವವರು ಸಾಮಾನ್ಯವಾಗಿ ರೋಚಕತೆಯಿಂದ ಆರಂಭಿಸುತ್ತಾರೆ, ಆದರೆ ಆರಂಭಿಸಬೇಕಾದದ್ದು ಈ ಲೆಕ್ಕದಿಂದ: ಅದು ಕೈಯಲ್ಲಿ ಹಣವಿಲ್ಲದವರೂ ನಡೆಸಬಹುದಾದ, ಒಂದು ಶನಿವಾರ ರಾತ್ರಿ ಶುರುವಾಗಿ ಭಾನುವಾರ ಬೆಳಗಾಗುವುದರೊಳಗೆ ಮುಗಿಸಬಹುದಾದ ಕ್ರಮ.

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳಲ್ಲಿ ಕಬಡ್ಡಿ, ವಾಲಿಬಾಲ್ ಮತ್ತು ಟೆನಿಸ್ ಚೆಂಡಿನ ಕ್ರಿಕೆಟ್ ಈ ಕ್ರಮದಲ್ಲಿಯೇ ಬೆಳೆದುಬಂದಿವೆ. ಸುಗ್ಗಿ ಮುಗಿದ ಮೇಲೆ ಹೆದ್ದಾರಿಯ ಬಸ್ ತಂಗುದಾಣಗಳ ಗೋಡೆಗಳಲ್ಲಿ ಕಾಣಿಸಿಕೊಳ್ಳುವ ಭಿತ್ತಿಪತ್ರಗಳ ಒಕ್ಕಣೆ ಹತ್ತಾರು ವರ್ಷಗಳಿಂದ ಬದಲಾಗಿಲ್ಲ. ಹೊನಲು ಬೆಳಕಿನ ಪಂದ್ಯಾವಳಿ, ಪ್ರವೇಶ ಶುಲ್ಕ ಇಷ್ಟು, ಪ್ರಥಮ ಬಹುಮಾನ ಇಷ್ಟು ನಗದು ಹಾಗೂ ಆಕರ್ಷಕ ಟ್ರೋಫಿ, ಮೊದಲು ಹೆಸರು ನೋಂದಾಯಿಸಿದ ಇಷ್ಟು ತಂಡಗಳಿಗೆ ಮಾತ್ರ ಅವಕಾಶ, ಮತ್ತು ಎಲ್ಲಕ್ಕಿಂತ ಕೆಳಗೆ, ದಪ್ಪ ಅಕ್ಷರದಲ್ಲಿ, ತೀರ್ಪುಗಾರರ ನಿರ್ಣಯವೇ ಅಂತಿಮ ಎಂಬ ಎಚ್ಚರಿಕೆ. ಫುಟ್‌ಬಾಲ್ ಮಾತ್ರ ಈ ಮೂರು ತಾಲ್ಲೂಕುಗಳಲ್ಲಿ ಬಹುಮಟ್ಟಿಗೆ ಶಾಲೆ ಕಾಲೇಜುಗಳ ಆಟವಾಗಿಯೇ ಉಳಿಯಿತು, ಅದಕ್ಕೆ ಕಾರಣ ಆಸಕ್ತಿಯ ಕೊರತೆಗಿಂತ ನೆಲದ ಕೊರತೆ. ಒಂದು ಕಡೆ ಘಟ್ಟದ ಬುಡ, ಇನ್ನೊಂದು ಕಡೆ ಅರಬ್ಬಿ ಸಮುದ್ರ, ನಡುವೆ ಶರಾವತಿ, ಅಘನಾಶಿನಿ ನದಿಗಳೂ ಅವುಗಳ ಕವಲುಗಳೂ ಕತ್ತರಿಸಿ ಬಿಟ್ಟ ಸಪೂರ ಪಟ್ಟಿ, ಅದರಲ್ಲಿ ತೆಂಗಿನ ತೋಟ, ಗದ್ದೆ, ಉಪ್ಪುನೀರಿನ ಗಜನಿ ಎಲ್ಲವೂ ಕಳೆದು ನೂರು ಮೀಟರ್ ಉದ್ದದ ಸಮತಟ್ಟು ಬಯಲು ಸಿಗಬೇಕಾದರೆ ಅದು ಸರಕಾರದ್ದೋ ವಿದ್ಯಾಸಂಸ್ಥೆಯದ್ದೋ ಆಗಿರಬೇಕು; ಕುಮಟಾದ ಮಣಕಿ ಮೈದಾನದಂತಹ ಜಾಗ ಎಲ್ಲ ಊರಿಗೂ ಇಲ್ಲ.

ಆದ್ದರಿಂದ 1970ರ ದಶಕದ ಕೊನೆಯಲ್ಲಿ ಹೊನ್ನಾವರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಓದುತ್ತಿದ್ದ ಈ ಬರಹಗಾರನ ವಾರಗೆಯ ಹುಡುಗರು ಫುಟ್‌ಬಾಲನ್ನು ಮೂರು ಬಗೆಯ ನೆಲದಲ್ಲಿ ಕಲಿತರು. ಕೊಯ್ಲಾದ ಗದ್ದೆಯಲ್ಲಿ ಕೂಳೆ, ಅಂದರೆ ಕೊಯ್ದ ಪೈರಿನ ಬುಡದ ಒಣ ಮೋಟು, ಬರಿಗಾಲನ್ನು ಚುಚ್ಚುತ್ತಿದ್ದುದರಿಂದ ಓಡುವುದಕ್ಕಿಂತ ನಿಂತು ಚೆಂಡು ದಾಟಿಸುವುದು ಜಾಣತನವೆನಿಸುತ್ತಿತ್ತು. ಸಮುದ್ರ ದಂಡೆಯಲ್ಲಿ ಇಳಿತದ ಹೊತ್ತಿಗೆ ನೀರು ಹಿಂದೆ ಸರಿದು, ಒದ್ದೆ ಮರಳು ಸಿಮೆಂಟಿನಂತೆ ಗಟ್ಟಿಯಾಗಿ, ಎರಡು ಜೋಡಿ ಚಪ್ಪಲಿಯಿಟ್ಟರೆ ಗೋಲುಕಂಬಗಳಾಗುತ್ತಿದ್ದವು. ಅಲ್ಲಿ ಪಂದ್ಯದ ಅವಧಿಯನ್ನು ನಿರ್ಧರಿಸುವುದು ಗಡಿಯಾರವಲ್ಲ, ಭರತ ಏರಿ ಬಂದು ಸಮುದ್ರದ ಬದಿಯ ಗೆರೆಯನ್ನು ಅಳಿಸಿದರೆ ಆಟ ಮುಗಿಯಿತು, ಹಿಂದೆ ಬಿದ್ದ ತಂಡ ಅಲೆಯ ಮೇಲೆ ಸಿಟ್ಟು ಮಾಡಿಕೊಳ್ಳಬೇಕಷ್ಟೆ. ಮೂರನೆಯದು ಶಾಲೆಯ ಅಂಗಳ. ಶಾಲಾ ಕ್ರೀಡಾಕೂಟಗಳು ಜುಲೈ, ಆಗಸ್ಟ್ ತಿಂಗಳ ಮಳೆಯಲ್ಲಿಯೇ ನಡೆಯುತ್ತಿದ್ದುದರಿಂದ, ಒಳಗೆ ರಬ್ಬರ್ ಬ್ಲಾಡರ್ ತುರುಕಿ, ಬಾಯನ್ನು ಲೇಸಿನಿಂದ ಬಿಗಿದು, ಸೈಕಲ್ ಅಂಗಡಿಯ ಪಂಪಿನಲ್ಲಿ ಗಾಳಿ ಹೊಡೆಸಿ ತಂದ ಚರ್ಮದ ಚೆಂಡು ಹತ್ತು ನಿಮಿಷದಲ್ಲಿ ನೀರು ಕುಡಿದು ಕಲ್ಲಾಗುತ್ತಿತ್ತು, ಅದಕ್ಕೆ ತಲೆ ಕೊಟ್ಟ ಹುಡುಗನ ಹಣೆಯ ಮೇಲೆ ಲೇಸಿನ ಅಚ್ಚು ಸಂಜೆಯವರೆಗೂ ಉಳಿಯುತ್ತಿತ್ತು.

ಶಾಲಾ ಕ್ರೀಡಾಕೂಟದ ಮೆಟ್ಟಿಲುಗಳನ್ನು ಇಲ್ಲಿ ಹೇಳಬೇಕು, ಏಕೆಂದರೆ ಕರ್ನಾಟಕದ ಹೆಚ್ಚಿನ ಮಂದಿಗೆ ಕಪ್ ಪಂದ್ಯಾವಳಿಯ ಮೊದಲ ಪರಿಚಯ ಆಗುವುದು ಅಲ್ಲಿಯೇ. ತಾಲ್ಲೂಕು ಮಟ್ಟದಲ್ಲಿ ಗೆದ್ದವರು ಜಿಲ್ಲಾ ಮಟ್ಟಕ್ಕೆ, ಅಲ್ಲಿ ಗೆದ್ದವರು ವಿಭಾಗ ಮಟ್ಟಕ್ಕೆ (ಈ ಜಿಲ್ಲೆಯವರಿಗೆ ಅದು ಬೆಳಗಾವಿ ವಿಭಾಗ), ಅಲ್ಲಿಂದ ರಾಜ್ಯ ಮಟ್ಟಕ್ಕೆ ಹೋಗುವ ಈ ಏಣಿಯಲ್ಲಿ ಪ್ರತಿ ಮೆಟ್ಟಿಲೂ ನಾಕೌಟ್, ಜಾರಿದವರಿಗೆ ಮುಂದಿನ ಮಳೆಗಾಲದವರೆಗೆ ಆಟವಿಲ್ಲ. ಯಾರು ಯಾರ ಮೇಲೆ ಆಡಬೇಕು ಎಂಬುದನ್ನು ಗೊತ್ತುಮಾಡುವ ಕೆಲಸಕ್ಕೆ ಟೈಸ್ ಹಾಕುವುದು ಎನ್ನುತ್ತಾರೆ. ಆಟದ ಹಿಂದಿನ ಸಂಜೆ ತಾಲ್ಲೂಕಿನ ಡ್ರಿಲ್ ಮಾಸ್ತರರೆಲ್ಲ ಒಂದು ಕೊಠಡಿಯಲ್ಲಿ ಸೇರಿ, ಹಳೆಯ ಉತ್ತರಪತ್ರಿಕೆಯ ಅಂಚನ್ನು ಹರಿದು, ಶಾಲೆಗಳ ಹೆಸರು ಬರೆದು, ನಾಲ್ಕು ಮಡಿಕೆ ಮಡಚಿ, ಸೀಮೆಸುಣ್ಣದ ಖಾಲಿ ಡಬ್ಬಿಗೆ ಹಾಕಿ ಕುಲುಕಿ, ಚಹಾ ತಂದ ಹುಡುಗನ ಕೈಯಲ್ಲಿ ಎತ್ತಿಸುತ್ತಿದ್ದರು. ತಂಡಗಳ ಸಂಖ್ಯೆ ಎಂಟೋ ಹದಿನಾರೋ ಆಗದಿದ್ದಾಗ ಒಂದೆರಡು ತಂಡಗಳು ಆಡದೆಯೇ ಎರಡನೆಯ ಸುತ್ತಿಗೆ ಹೋಗುತ್ತವೆ. ಅದಕ್ಕೆ ಬೈ ಎಂದು ಹೆಸರು, ಮತ್ತು ಬೈ ಸಿಕ್ಕ ಶಾಲೆಯವರು ಅದನ್ನು ತಮ್ಮ ಪರಾಕ್ರಮವೆಂಬಂತೆ ಊರಲ್ಲಿ ಹೇಳಿಕೊಂಡು ತಿರುಗುವುದು ಈಗಲೂ ಉಂಟು. ಚೀಟಿ ಎತ್ತುವುದನ್ನು ಬಾಗಿಲ ಸಂದಿಯಿಂದ ನೋಡುತ್ತ, ಒಂದು ದೊಡ್ಡ ಶಾಲೆ ಮೊದಲ ಸುತ್ತಿಗೇ ಬಂದುಬಿಟ್ಟರೆ ಹೇಗೆ ಎಂದು ಕೇಳಿದ ಹುಡುಗರಿಗೆ ಶಾಲೆಯ ಡ್ರಿಲ್ ಮಾಸ್ತರರು ಕೊಟ್ಟ ಉತ್ತರ ಇಷ್ಟೇ: “ಡಬ್ಬಿಗೇನು ಗೊತ್ತು ತಮಾ, ಯಾವ್ದು ದೊಡ್ಡ ಶಾಲೆ ಯಾವ್ದು ಸಣ್ಣ ಶಾಲೆ ಅಂತ.”

ಕಪ್ ಪಂದ್ಯಾವಳಿಯ ನ್ಯಾಯವೆಲ್ಲ ಆ ಡಬ್ಬಿಯಲ್ಲಿದೆ ಎಂದರೆ ತಪ್ಪಾಗದು. ಲೀಗಿನಲ್ಲಿ ಸಣ್ಣ ತಂಡಕ್ಕೆ ದೊಡ್ಡ ತಂಡದ ಎದುರು ನಿಲ್ಲುವ ಹಕ್ಕು ಬರುವುದು ವರ್ಷಗಟ್ಟಲೆ ಮೆಟ್ಟಿಲು ಹತ್ತಿದ ಮೇಲೆ. ಕಪ್ಪಿನಲ್ಲಿ ಆ ಹಕ್ಕು ಪ್ರವೇಶ ಶುಲ್ಕ ಕಟ್ಟಿದ ದಿನವೇ ಬರುತ್ತದೆ, ಏಕೆಂದರೆ ಎರಡೂ ಹೆಸರುಗಳು ಒಂದೇ ಅಳತೆಯ ಕಾಗದದಲ್ಲಿ, ಒಂದೇ ಬಗೆಯಲ್ಲಿ ಮಡಚಿ ಬಿದ್ದಿರುತ್ತವೆ. ಇದಕ್ಕಾಗಿಯೇ ದೊಡ್ಡವರಿಗೆ ಡಬ್ಬಿಯ ಮೇಲೆ ಎಂದೂ ಪೂರ್ತಿ ನಂಬಿಕೆಯಿಲ್ಲ. ಬಲಿಷ್ಠ ತಂಡಗಳು ಆರಂಭದಲ್ಲೇ ಪರಸ್ಪರ ಎದುರಾಗದಂತೆ ಅವುಗಳನ್ನು ಮೊದಲೇ ಬೇರೆ ಬೇರೆ ಮೂಲೆಗಳಲ್ಲಿ ಕೂಡಿಸುವ ಸೀಡಿಂಗ್ ಪದ್ಧತಿ ಆ ಅಪನಂಬಿಕೆಯ ಕೂಸು. ಫ್ರಾನ್ಸಿನ ರಾಷ್ಟ್ರೀಯ ಕಪ್ಪಿನಲ್ಲಿ ಇದಕ್ಕೆ ತದ್ವಿರುದ್ಧವಾದ ಒಂದು ನಿಯಮವಿದೆ: ಎದುರಾದ ಎರಡು ತಂಡಗಳ ನಡುವೆ ಎರಡು ಶ್ರೇಣಿಯಷ್ಟು ಅಂತರವಿದ್ದರೆ, ಚೀಟಿಯಲ್ಲಿ ಏನೇ ಬಂದಿರಲಿ, ಪಂದ್ಯ ಕೆಳಗಿನ ತಂಡದ ಅಂಗಳದಲ್ಲಿಯೇ ನಡೆಯಬೇಕು. ಡಬ್ಬಿಗೆ ಗೊತ್ತಿಲ್ಲದ ಸಣ್ಣತನವನ್ನು ನಿಯಮವೇ ಗುರುತಿಸಿ ಕೈಹಿಡಿಯುವ ಏರ್ಪಾಡು ಇದು.

ಈ ಬಗೆಯ ಫುಟ್‌ಬಾಲ್ ಪಂದ್ಯಾವಳಿಗಳಿಗೆಲ್ಲ ಮೂಲವಾದ ಇಂಗ್ಲೆಂಡಿನ ಎಫ್.ಎ. ಕಪ್ ಕೂಡ ಹುಟ್ಟಿದ್ದು ಶಾಲೆಯ ನೆನಪಿನಿಂದಲೇ. ಅಲ್ಲಿನ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿ ಚಾರ್ಲ್ಸ್ ಆಲ್ಕಾಕ್ 1871ರಲ್ಲಿ ಈ ಸಲಹೆ ಮುಂದಿಟ್ಟಾಗ ಅವನ ಮನಸ್ಸಿನಲ್ಲಿದ್ದದ್ದು ತಾನು ಓದಿದ ಹ್ಯಾರೋ ಶಾಲೆಯ ವಸತಿಗೃಹಗಳ ನಡುವೆ ನಡೆಯುತ್ತಿದ್ದ, ಸೋತವರು ಹೊರಬೀಳುವ ಪಂದ್ಯಗಳು. ಮೊದಲ ವರ್ಷ ಹೆಸರು ಕೊಟ್ಟ ತಂಡಗಳು 15, ಅವುಗಳಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬಂದ ಕ್ವೀನ್ಸ್ ಪಾರ್ಕ್ ಒಂದು. ಜನರಿಂದ ವಂತಿಗೆ ಎತ್ತಿ ಲಂಡನ್ನಿಗೆ ಬಂದ ಆ ತಂಡ 1872ರ ಮಾರ್ಚ್‌ನಲ್ಲಿ ಸೆಮಿಫೈನಲ್ಲಿನಲ್ಲಿ ವಾಂಡರರ್ಸ್ ತಂಡದೊಡನೆ ಗೋಲಿಲ್ಲದೆ ಸಮ ಮಾಡಿಕೊಂಡಿತು, ಪಂದ್ಯವನ್ನು ಮತ್ತೊಮ್ಮೆ ಆಡಬೇಕೆಂದಾಯಿತು, ಆದರೆ ಮತ್ತೆ ಲಂಡನ್ನಿಗೆ ಬರುವ ಖರ್ಚು ಹೊಂದಿಸಲಾಗದೆ ಅದು ಕಣದಿಂದ ಹಿಂದೆ ಸರಿಯಿತು. ವಾಂಡರರ್ಸ್ ಫೈನಲ್ಲಿಗೆ ಹೋಗಿ ರಾಯಲ್ ಎಂಜಿನಿಯರ್ಸ್ ತಂಡವನ್ನು ಒಂದು ಗೋಲಿನಿಂದ ಸೋಲಿಸಿ ಚರಿತ್ರೆಯ ಮೊದಲ ಕಪ್ ವಿಜೇತರಾದರು. ಪ್ರಯಾಣದ ಖರ್ಚಿಲ್ಲದೆ ಸೋಲದೆಯೇ ಹೊರಬಿದ್ದ ತಂಡ ಹೀಗೆ ಈ ಆಟದ ಮೊದಲ ಅಧ್ಯಾಯದಲ್ಲೇ ಇದೆ ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಅದರ ಪ್ರಸಕ್ತಿ ಬರುತ್ತದೆ.

ಭಾರತಕ್ಕೆ ಕಪ್ ಬಂದದ್ದು ಬ್ರಿಟಿಷ್ ಸೈನ್ಯದೊಂದಿಗೆ. 1888ರಲ್ಲಿ ಸಿಮ್ಲಾದಲ್ಲಿ ಡ್ಯುರಾಂಡ್ ಕಪ್, 1891ರಲ್ಲಿ ಮುಂಬಯಿಯಲ್ಲಿ ರೋವರ್ಸ್ ಕಪ್ ಆರಂಭವಾದವು. 1911ರಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ತಂಡ, ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಬರಿಗಾಲಿನಲ್ಲಿ ಆಡಿ, ಐ.ಎಫ್.ಎ. ಶೀಲ್ಡ್ ಫೈನಲ್ಲಿನಲ್ಲಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿದ ಕಥೆ ಎಲ್ಲರಿಗೂ ಗೊತ್ತು. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡವಾಯಿತು, ಮರುವರ್ಷವೂ ಗೆದ್ದಿತು, 1948ರಲ್ಲಿ ಇನ್ನೊಮ್ಮೆ ಗೆದ್ದಿತು ಎಂಬ ಸಂಗತಿ ಕರ್ನಾಟಕದಲ್ಲೇ ಹೆಚ್ಚು ಜನಕ್ಕೆ ಗೊತ್ತಿಲ್ಲ. ಕರಾವಳಿಯ ಮಟ್ಟಿಗೆ ಅದಕ್ಕೊಂದು ಕಾರಣ ಹೇಳಬಹುದು. ಈ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದುದರಿಂದ ಇಲ್ಲಿನವರಿಗೆ ಕೋರ್ಟು, ಕಚೇರಿ, ಕೆಲಸ, ಕಾಯಿಲೆ ಎಲ್ಲಕ್ಕೂ ಮುಂಬಯಿಯೇ ಊರು. ಬೆಂಗಳೂರು ಪರರಾಜ್ಯದ ರಾಜಧಾನಿ. 1946-47ರಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿಯನ್ನು ಮೊದಲ ಬಾರಿಗೆ ಗೆದ್ದಾಗ ಹೊನ್ನಾವರ ಪೇಟೆಯಲ್ಲಿ ಅದು ನೆರೆಮನೆಯ ಮದುವೆಯಷ್ಟೇ ಸುದ್ದಿಯಾಗಿದ್ದಿರಬೇಕು.

ಆ ದೂರ ಈ ಬರಹಗಾರನ ಪಾಲಿಗೆ ಕರಗಿದ್ದು ಟೆಲಿಫೋನಿನಿಂದ. ಊರಿನ ಅಂಚೆ ಕಚೇರಿಯ ಮೇಜಿನ ಮೇಲೆ ಒಂದು ಕರಿಯ ಟೆಲಿಫೋನ್ ಇತ್ತು. ಅದರ ತಿರುಗಣೆಯ ನಡುವೆ ಐ.ಟಿ.ಐ. ಎಂಬ ಮೂರು ಇಂಗ್ಲಿಷ್ ಅಕ್ಷರಗಳಿದ್ದವು. ಮುಂಬಯಿಗೋ ಹುಬ್ಬಳ್ಳಿಗೋ ಟ್ರಂಕ್ ಕಾಲ್ ಬುಕ್ ಮಾಡಿ, ಸಂಪರ್ಕ ಸಿಗುವವರೆಗೆ ಒಂದೆರಡು ತಾಸು ಬೆಂಚಿನ ಮೇಲೆ ಕಾಯುವ ದೊಡ್ಡವರ ಜೊತೆ ಹೋದ ಹುಡುಗರಿಗೆ ನೋಡುವುದಕ್ಕೆ ಬೇರೇನೂ ಇಲ್ಲದ್ದರಿಂದ ಆ ಮೂರು ಅಕ್ಷರಗಳು ಬಾಯಿಪಾಠವಾಗಿದ್ದವು. ಅದು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಎಂಬ ಸರಕಾರಿ ಕಾರ್ಖಾನೆಯ ಹೆಸರೆಂದೂ, ಅದಕ್ಕಾಗಿ ದೂರವಾಣಿನಗರ ಎಂಬ ಬಡಾವಣೆಯೇ ಎದ್ದಿದೆಯೆಂದೂ, ಆ ಕಾರ್ಖಾನೆಗೆ ಒಂದು ಫುಟ್‌ಬಾಲ್ ತಂಡವಿದೆಯೆಂದೂ ತಿಳಿದದ್ದು 1977ರಲ್ಲಿ, ಪತ್ರಿಕೆಯ ಕ್ರೀಡಾ ಪುಟದ ಒಂದು ಮೂಲೆಯ ಸುದ್ದಿಯಿಂದ.

ಆ ವರ್ಷ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ದೇಶದ ಕ್ಲಬ್‌ಗಳಿಗಾಗಿ ಫೆಡರೇಷನ್ ಕಪ್ ಎಂಬ ಹೊಸ ಪಂದ್ಯಾವಳಿಯನ್ನು ಆರಂಭಿಸಿತು, ಮೊದಲ ಕೂಟ ಕೇರಳದ ಎರ್ನಾಕುಲಂನಲ್ಲಿ ನಡೆಯಿತು, ಫೈನಲ್ಲಿನಲ್ಲಿ ಐ.ಟಿ.ಐ. ತಂಡ ಮೋಹನ್ ಬಾಗಾನ್ ತಂಡವನ್ನು 1-0ಯಿಂದ ಸೋಲಿಸಿತು. ಆ ಫಲಿತಾಂಶದ ತೂಕ ಅರ್ಥವಾಗಬೇಕಾದರೆ ಸೋತವರ ಆ ವರ್ಷದ ಉಳಿದ ಲೆಕ್ಕವನ್ನು ನೋಡಬೇಕು. ಮೋಹನ್ ಬಾಗಾನ್ ಅದೇ 1977ರಲ್ಲಿ ಐ.ಎಫ್.ಎ. ಶೀಲ್ಡ್, ರೋವರ್ಸ್ ಕಪ್ ಮತ್ತು ಡ್ಯುರಾಂಡ್ ಕಪ್ ಮೂರನ್ನೂ ಗೆದ್ದಿತು. ಅದೇ ವರ್ಷದ ಸೆಪ್ಟೆಂಬರ್ 24ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸಿನಲ್ಲಿ ಪೆಲೆ ಇದ್ದ ನ್ಯೂಯಾರ್ಕ್ ಕಾಸ್ಮೋಸ್ ತಂಡದೊಡನೆ 2-2ರ ಸಮ ಸಾಧಿಸಿತು. ಪೆಲೆಯ ತಂಡಕ್ಕೂ ಸೋಲದವರು ಟೆಲಿಫೋನ್ ಜೋಡಿಸುವ ಕಾರ್ಖಾನೆಯವರಿಗೆ ಸೋತರು. ಕಾರ್ಖಾನೆ ತಂಡವೆಂದರೆ ಈಗಿನ ಓದುಗರಿಗೆ ವಿವರಿಸಬೇಕಾದೀತು: ಕ್ರೀಡಾ ಕೋಟಾದಲ್ಲಿ ಕೆಲಸಕ್ಕೆ ಸೇರಿ, ತಿಂಗಳ ಸಂಬಳ ಮತ್ತು ಕ್ವಾರ್ಟರ್ಸ್ ಪಡೆದು, ಕೆಲಸದ ಜೊತೆಗೆ ಆಟವನ್ನೂ ನಡೆಸಿಕೊಂಡು ಬಂದ ಆಟಗಾರರ ತಂಡ ಅದು. ಹಿಂದೂಸ್ತಾನ್ ಏರೋನಾಟಿಕ್ಸ್ ಮುಂತಾದ ಸರಕಾರಿ ಉದ್ದಿಮೆಗಳೂ ಸೈನ್ಯದ ಘಟಕಗಳೂ ಸಾಕಿದ ಇಂಥ ತಂಡಗಳೇ ಹಲವು ದಶಕ ಬೆಂಗಳೂರಿನ ಫುಟ್‌ಬಾಲನ್ನು ಹೊತ್ತವು, ಕಲ್ಕತ್ತೆಯ ದೊಡ್ಡ ಕ್ಲಬ್‌ಗಳಂತೆ ಅವಕ್ಕೆ ಲಕ್ಷಾಂತರ ಅಭಿಮಾನಿಗಳಿರಲಿಲ್ಲ, ಹೆಚ್ಚೆಂದರೆ ಪಾಳಿ ಮುಗಿಸಿ ಬಂದ ಸಹೋದ್ಯೋಗಿಗಳು ಇರುತ್ತಿದ್ದರು.

ಸುದ್ದಿ ಓದಿದ ಮರುದಿನ ಹುಡುಗರ ಒಂದು ಗುಂಪು ಕಾರಣವಿಲ್ಲದೆ ಅಂಚೆ ಕಚೇರಿಗೆ ಹೋಗಿ ಆ ಟೆಲಿಫೋನನ್ನು ನೋಡಿ ಬಂದಿತು. ತಮ್ಮೂರಿನ ಮೇಜಿನ ಮೇಲೆ ಕುಳಿತಿರುವ ವಸ್ತುವನ್ನು ಮಾಡಿದವರು ದೇಶದ ಕಪ್ ಗೆದ್ದಿದ್ದಾರೆ ಎಂಬುದೇ ನಂಟಿಗೆ ಸಾಕಾಗಿತ್ತು. ಸಣ್ಣ ತಂಡಗಳಿಗೆ ಬೆಂಬಲ ಹುಟ್ಟುವ ಬಗೆ ಹೀಗೆಯೇ. ದೊಡ್ಡ ತಂಡವನ್ನು ಜನ ಅದರ ಗೆಲುವುಗಳಿಗಾಗಿ ಹಿಡಿದುಕೊಂಡರೆ, ಸಣ್ಣ ತಂಡವನ್ನು ಯಾವುದೋ ಒಂದು ಎಳೆಯಿಂದ, ಊರಿನ ಹೆಸರಿಂದಲೋ ಒಂದು ಟೆಲಿಫೋನಿನಿಂದಲೋ, ಹಿಡಿದುಕೊಳ್ಳುತ್ತಾರೆ ಮತ್ತು ಆಮೇಲೆ ಬಿಡುವುದಿಲ್ಲ. ಅಂಚೆ ಮಾಸ್ತರರು ಮಾತ್ರ, ಫೋನ್ ಮಾಡುವುದಿಲ್ಲವಾದರೆ ಹೊರಗೆ ನಡೆಯಿರಿ ಎಂದು ಗದರಿಸಿದ್ದರು.

ಸಣ್ಣ ತಂಡದ ಗೆಲುವನ್ನು ಕುರಿತು ಬರೆಯುವವರು ಮರೆಯುವ ಸಂಗತಿಯೊಂದಿದೆ: ಅಂಥ ಗೆಲುವು ಬಹಳ ಅಪರೂಪ. ಡಬ್ಬಿ ಕುರುಡಾದರೂ ಮೈದಾನ ಕುರುಡಲ್ಲ. ಬಲ, ಅಭ್ಯಾಸ, ಊಟ, ಬೂಟು ಇವುಗಳ ಅಂತರ ತೊಂಬತ್ತು ನಿಮಿಷದಲ್ಲಿ ಸಾಮಾನ್ಯವಾಗಿ ತನ್ನ ಕೆಲಸ ಮಾಡಿಯೇ ಮಾಡುತ್ತದೆ. ಆದರೂ ಕಪ್ಪಿನ ನೆನಪು ಗೆಲುವಿನ ಪ್ರಮಾಣಕ್ಕೆ ತಕ್ಕಂತೆ ಹಂಚಿಕೆಯಾಗುವುದಿಲ್ಲ. ದೊಡ್ಡ ತಂಡಕ್ಕೆ ಆ ಪಂದ್ಯ ವರ್ಷದ ಅರವತ್ತರಲ್ಲಿ ಒಂದು, ಸಣ್ಣ ತಂಡಕ್ಕೆ ಅದೇ ಜನ್ಮದ ಪಂದ್ಯ. ಮೋಹನ್ ಬಾಗಾನ್ ಅಭಿಮಾನಿಗಳಿಗೆ 1977 ಎಂದರೆ ಮೂರು ಟ್ರೋಫಿ ಮತ್ತು ಪೆಲೆ, ದೂರವಾಣಿನಗರದವರಿಗೆ 1977 ಎಂದರೆ ಎರ್ನಾಕುಲಂ.

ಉತ್ತರ ಫ್ರಾನ್ಸಿನ ಕಲೇ ಎಂಬ ಬಂದರು ಪಟ್ಟಣದ ಉದಾಹರಣೆ ಇದಕ್ಕಿಂತ ತೀಕ್ಷ್ಣವಾದದ್ದು. ಬೇರೆ ಉದ್ಯೋಗ ಮಾಡಿಕೊಂಡು ಆಡುತ್ತಿದ್ದ ಹವ್ಯಾಸಿಗಳ, ನಾಲ್ಕನೆಯ ಶ್ರೇಣಿಯ ಆ ತಂಡ 2000ನೇ ವರ್ಷದ ಫ್ರೆಂಚ್ ಕಪ್ಪಿನಲ್ಲಿ ಒಂದೊಂದೇ ಸುತ್ತು ದಾಟಿ, ಸೆಮಿಫೈನಲ್ಲಿನಲ್ಲಿ ಬೋರ್ಡೋದಂಥ ಹೆಸರಾಂತ ತಂಡವನ್ನು 3-1ರಿಂದ ಸೋಲಿಸಿ, ಮೇ 7ರಂದು ಪ್ಯಾರಿಸ್ ಹೊರವಲಯದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ನಾಂತ್ ತಂಡದ ಎದುರು ಫೈನಲ್ ಆಡಿತು. ಮೊದಲ ಗೋಲು ಕಲೇಯದ್ದೇ. ಕೊನೆಯ ಗಳಿಗೆಯ ಪೆನಾಲ್ಟಿಯಿಂದ ನಾಂತ್ 2-1ರಿಂದ ಗೆದ್ದಿತು, ಆದರೆ ಅದರ ನಾಯಕ ಮಿಕಾಯೆಲ್ ಲಾಂದ್ರೋ ಕಪ್ ಎತ್ತುವಾಗ ಕಲೇ ನಾಯಕನನ್ನು ಪಕ್ಕಕ್ಕೆ ಕರೆದು ಇಬ್ಬರೂ ಒಟ್ಟಿಗೆ ಎತ್ತಿದರು. ಆ ಫೈನಲ್ಲಿನಿಂದ ಜಗತ್ತು ಈಗಲೂ ನೆನೆಯುವ ಚಿತ್ರ ಅದೊಂದೇ. ಹಣದ ಮುಗ್ಗಟ್ಟಿನಿಂದ ಕಲೇ ಕ್ಲಬ್ 2017ರಲ್ಲಿ ಮುಚ್ಚಿಹೋಯಿತು. ಬಂದರುಗಳ ಏಳುಬೀಳು ಕಂಡ ಕರಾವಳಿಯವರಿಗೆ, ಹತ್ತಿಯ ವ್ಯಾಪಾರದಲ್ಲಿ ಒಂದು ಕಾಲಕ್ಕೆ ಹೆಸರು ಮಾಡಿ ಈಗ ದೋಣಿಗಳಷ್ಟೇ ನಿಲ್ಲುವ ಕುಮಟಾದ ಕಡಲ ಬದಿಯನ್ನು ಬಲ್ಲವರಿಗೆ, ಈ ಕಥೆಯ ಕೊನೆಯಲ್ಲಿ ಆಶ್ಚರ್ಯಪಡುವಂಥದ್ದು ಏನೂ ಕಾಣದು.

ಫೆಡರೇಷನ್ ಕಪ್ ಕೂಡ ಅದೇ 2017ರಲ್ಲಿ ಕೊನೆಗೊಂಡು, ಮರುವರ್ಷ ಅದರ ಜಾಗಕ್ಕೆ ಸೂಪರ್ ಕಪ್ ಬಂದಿತು. ನಲವತ್ತು ವರ್ಷಗಳ ಅದರ ಇತಿಹಾಸದ ಕೊನೆಯ ಫೈನಲ್ ಕಟಕ್‌ನ ಬಾರಾಬತಿ ಕ್ರೀಡಾಂಗಣದಲ್ಲಿ ನಡೆದಾಗ ಎದುರಾದವರು ಮತ್ತೆ ಬೆಂಗಳೂರಿನ ತಂಡ ಮತ್ತು ಮೋಹನ್ ಬಾಗಾನ್, ಗೆದ್ದವರು ಮತ್ತೆ ಬೆಂಗಳೂರಿನವರು. ಹೆಚ್ಚುವರಿ ಸಮಯದಲ್ಲಿ ಸಿ.ಕೆ. ವಿನೀತ್ ಹೊಡೆದ ಎರಡು ಗೋಲುಗಳಿಂದ ಬೆಂಗಳೂರು ಎಫ್‌ಸಿ 2-0ಯಿಂದ ಗೆದ್ದಿತು. ಕಾಗದದ ಮೇಲೆ ಮೊದಲ ಫೈನಲ್ಲಿಗೂ ಕೊನೆಯದಕ್ಕೂ ಇಷ್ಟು ಸಾಮ್ಯವಿದ್ದರೂ ಒಳಗಿನ ಸಂಗತಿ ಬೇರೆ. 2013ರಲ್ಲಿ ಒಂದು ದೊಡ್ಡ ಉಕ್ಕಿನ ಉದ್ಯಮ ಸಮೂಹ ಕಟ್ಟಿದ ಬೆಂಗಳೂರು ಎಫ್‌ಸಿ ಯಾವ ಲೆಕ್ಕದಲ್ಲೂ ಬಡ ತಂಡವಲ್ಲ. ಅದು ಗೆದ್ದಾಗ ಕರಾವಳಿಯ ಹುಡುಗರು ಹೆಮ್ಮೆಪಟ್ಟರು, ಆದರೆ ಯಾರೂ ಅಂಚೆ ಕಚೇರಿಗೆ ಹೋಗಲಿಲ್ಲ. ಅದಕ್ಕಿಂತ ಹೆಚ್ಚಾಗಿ ಹಳೆಯ ನೆನಪನ್ನು ಕೆದಕಿದ್ದು 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ, 1968-69ರ ನಂತರ ಮೊದಲ ಬಾರಿಗೆ ಸಂತೋಷ್ ಟ್ರೋಫಿಯನ್ನು ಗೆದ್ದ ಸುದ್ದಿ. ಕೊಲ್ಲಿ ದೇಶಗಳ ದುಡಿಮೆಯಿಂದ ಒಲೆ ಉರಿಯುವ ಮನೆಗಳು ಭಟ್ಕಳದಲ್ಲಿ ಎಷ್ಟೋ ಇರುವುದರಿಂದ, ಈ ಭಾಗದವರಿಗೆ ರಿಯಾದ್ ಎಂಬ ಹೆಸರು ಕಟಕ್‌ಗಿಂತಲೂ ಹತ್ತಿರದ್ದಾಗಿ ಕೇಳುತ್ತದೆ.

ಊರ ಪಂದ್ಯಾವಳಿಗಳೂ ಬದಲಾಗಿವೆ. ಬಹುಮಾನದ ಮೊತ್ತ ಏರಿದಂತೆ ದೂರದ ಹೆಸರಾಂತ ಆಟಗಾರರನ್ನು ಒಂದು ರಾತ್ರಿಯ ಮಟ್ಟಿಗೆ ಕರೆತರುವ ರೂಢಿ ಬಂದು, ಯುವಕ ಸಂಘದ ಹೆಸರಿನ ಅಂಗಿಯೊಳಗೆ ಆ ಊರಿನ ದಾರಿಯೇ ಗೊತ್ತಿಲ್ಲದವರು ಆಡತೊಡಗಿದರು. ಅದಕ್ಕೆ ಮದ್ದೆಂಬಂತೆ ಪ್ರೀಮಿಯರ್ ಲೀಗ್ ಎಂಬ ಹೆಸರಿನಲ್ಲಿ ಆಟಗಾರರನ್ನು ಹರಾಜು ಹಾಕಿ, ಮಾಲೀಕರು ಕೊಂಡು, ತಂಡ ಕಟ್ಟುವ ಪದ್ಧತಿ ಟೆನಿಸ್ ಚೆಂಡಿನ ಕ್ರಿಕೆಟ್ಟಿಗೆ ಕಾಲಿಟ್ಟಿತು. ಹರಾಜಿನಿಂದ ತಂಡಗಳ ಬಲ ಸರಿಸಮವಾಗುತ್ತದೆ ಎಂಬುದು ಅದರ ಸಮರ್ಥನೆ ಮತ್ತು ಆ ಮಾತು ನಿಜವೂ ಹೌದು. ಆದರೆ ಎಲ್ಲವನ್ನೂ ಸರಿಸಮ ಮಾಡಿದ ಮೇಲೆ ಸಣ್ಣ ತಂಡವೆಂಬುದೇ ಉಳಿಯುವುದಿಲ್ಲ, ಮತ್ತು ಮಾಲೀಕನ ಹೆಸರಿನ ತಂಡಕ್ಕೆ ಸೋತು ಬಂದ ರಾತ್ರಿ ಬಾಗಿಲು ತೆರೆದು ಅನ್ನ ಹಾಕುವ ಕೇರಿ ಎಲ್ಲಿಯೂ ಇರುವುದಿಲ್ಲ. ಇಂಗ್ಲೆಂಡಿನಲ್ಲಿಯೂ 2024-25ರಿಂದ ಎಫ್.ಎ. ಕಪ್ಪಿನ ಮುಖ್ಯ ಸುತ್ತುಗಳಲ್ಲಿ ಸಮವಾದ ಪಂದ್ಯವನ್ನು ಮತ್ತೊಮ್ಮೆ ಆಡಿಸುವ ಕ್ರಮವನ್ನು ಕೈಬಿಟ್ಟಿದ್ದಾರೆ. ದೊಡ್ಡ ಕ್ಲಬ್‌ಗಳಿಗೆ ಪುರುಸೊತ್ತಿಲ್ಲ ಎಂಬುದು ಕಾರಣ, ಮರುಪಂದ್ಯದ ಟಿಕೆಟ್ ಹಣದಲ್ಲಿ ಒಂದು ಪಾಲು ಪಡೆದು ವರ್ಷದ ಸಾಲ ತೀರಿಸುತ್ತಿದ್ದ ಸಣ್ಣ ಕ್ಲಬ್‌ಗಳ ದೂರು ದಾಖಲೆಯಲ್ಲಿ ಉಳಿಯಿತು.

ಮರುಪಂದ್ಯದ ವಿಷಯದಲ್ಲಿ ಈ ಬರಹಗಾರನಿಗೆ ಬೇರೆ ಅನುಭವವಿದೆ. 1980ರ ಮಳೆಗಾಲದಲ್ಲಿ ತಾಲ್ಲೂಕು ಮಟ್ಟದಲ್ಲಿ ಹೇಗೋ ಗೆದ್ದ ಅವನ ಶಾಲೆಯ ತಂಡ ಜಿಲ್ಲಾ ಮಟ್ಟಕ್ಕೆಂದು ಕೆಂಪು ಬಸ್ಸಿನಲ್ಲಿ ಸುಮಾರು 90 ಕಿಲೋಮೀಟರ್ ದೂರದ ಕಾರವಾರಕ್ಕೆ ಹೋಯಿತು. ಕಾಯ್ದಿಟ್ಟ ಆಟಗಾರರ ಸಾಲಿನಲ್ಲಿ ಹೆಸರಿದ್ದ ಅವನ ಕೆಲಸ ಚಪ್ಪಲಿ, ಅಂಗಿ ಕಾಯುವುದು. ಚೀಟಿಯಲ್ಲಿ ಸಿಕ್ಕಿದ್ದು ಎಲ್ಲರೂ ಬೂಟು ತೊಟ್ಟ, ಹಿಂದಿನ ವರ್ಷ ವಿಭಾಗ ಮಟ್ಟಕ್ಕೆ ಹೋಗಿ ಬಂದ ದೊಡ್ಡ ಶಾಲೆ. ಗೋಲಿನ ಮುಂದೆ ಒಂದು ಹೊಂಡದಲ್ಲಿ ನೀರು ನಿಂತಿತ್ತು; ದ್ವಿತೀಯಾರ್ಧದಲ್ಲಿ ಉದ್ದಕ್ಕೆ ಹೊಡೆದ ಚೆಂಡೊಂದು ಉರುಳುತ್ತ ಬರುವುದನ್ನು ಕಂಡು ಗೋಲಿ ಅದನ್ನು ಬಾಚಿಕೊಳ್ಳಲು ಬಗ್ಗಿ ಕಾದರೆ, ಚೆಂಡು ಆ ಹೊಂಡದಲ್ಲಿ ಬಿದ್ದು ಅಲ್ಲೇ ಕುಳಿತುಬಿಟ್ಟಿತು, ರಜೆಯಲ್ಲಿ ದೋಣಿ ಕೆಲಸಕ್ಕೆ ಹೋಗುತ್ತಿದ್ದ ಹೊನ್ನಾವರ ಪಕ್ಕದ ಕಾಸರಕೋಡಿನ ಹುಡುಗನೊಬ್ಬ ಓಡಿ ಬಂದು ನೀರು ಸಮೇತ ಬರಿಗಾಲಿನಿಂದ ಒದ್ದ. ಒಂದು ಗೋಲು. ಆಟ ಮುಗಿಯಲು ಹದಿನೈದು ನಿಮಿಷ ಇರುವಾಗ ಮಳೆ ಎದುರಿನ ಕಂಬ ಕಾಣದಷ್ಟು ಜಡಿದು, ತೀರ್ಪುಗಾರರು ಶೀಟಿ ಊದಿ, ಪಂದ್ಯವನ್ನು ರದ್ದುಮಾಡಿ, ಮರುದಿನ ಬೆಳಿಗ್ಗೆ ಏಳು ಗಂಟೆಗೆ ಮೊದಲಿನಿಂದ ಆಡಬೇಕೆಂದು ತಿಳಿಸಿದರು.

ಡ್ರಿಲ್ ಮಾಸ್ತರರು ಅಲ್ಲಿನ ಶಾಲೆಯೊಂದರ ವರಾಂಡದಲ್ಲಿ ಒದ್ದೆ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಕರ್ಚೀಫಿನ ಗಂಟು ಬಿಚ್ಚಿ, ತಮ್ಮ ಶಾಲೆ ಕೊಟ್ಟ ಹಣವನ್ನು ಎರಡು ಸಲ ಎಣಿಸಿದರು. ಅದು ಹದಿನಾಲ್ಕು ಜನ ಊರಿಗೆ ಮರಳುವ ಬಸ್ ಚಾರ್ಜಿಗೆ ಸರಿಯಾಗಿತ್ತು, ಒಂದು ರಾತ್ರಿಯ ಊಟಕ್ಕೂ ತಂಗುವುದಕ್ಕೂ ಅದರಲ್ಲಿ ಎಡೆಯಿರಲಿಲ್ಲ. ತಂಡ ಕೊನೆಯ ಬಸ್ಸಿಗೆ ಹೊರಟಿತು. ಶಾಲೆಯ ಕ್ರೀಡಾ ದಾಖಲೆ ಪುಸ್ತಕದಲ್ಲಿ ಆ ವರ್ಷದ ಎದುರಿಗೆ, ಮಾಸ್ತರರ ದುಂಡು ಅಕ್ಷರದಲ್ಲಿ, ಗೈರುಹಾಜರಾದ ಕಾರಣ ಎದುರಾಳಿ ತಂಡ ವಿಜಯಿ ಎಂದು ಬರೆದಿತ್ತು. ಗೋಲಿನ ಉಲ್ಲೇಖ ಇರಲಿಲ್ಲ. ಕ್ವೀನ್ಸ್ ಪಾರ್ಕ್ ತಂಡದ ಕಥೆಯನ್ನು ಈ ಬರಹಗಾರ ಓದಿದ್ದು ಅದಾಗಿ ಇಪ್ಪತ್ತು ವರ್ಷಗಳ ಮೇಲೆ.

1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದ ಮೇಲೆ ಕಾರವಾರದ ದಾರಿ ಹಗುರವಾಯಿತು. ಕೆಲವು ವರ್ಷಗಳ ಹಿಂದೆ ಶರಾವತಿಯ ಮೇಲಿನ ಎರಡು ಕಿಲೋಮೀಟರಿಗೂ ಮೀರಿದ ಸೇತುವೆಯನ್ನು ರೈಲು ದಾಟುತ್ತಿದ್ದಾಗ ಎದುರಿನ ಸೀಟಿನಲ್ಲಿದ್ದ ನಿವೃತ್ತ ನೌಕರರೊಬ್ಬರು ಮಾತಿಗೆ ಮಾತು ಬಂದು, ತಾವು ಹೈಸ್ಕೂಲಿನಲ್ಲಿ ಜಿಲ್ಲಾ ಮಟ್ಟದಲ್ಲಿ ಫುಟ್‌ಬಾಲ್ ಆಡಿದವರೆಂದೂ 1980ರಲ್ಲಿ ತಮ್ಮ ತಂಡ ಮತ್ತೊಮ್ಮೆ ವಿಭಾಗ ಮಟ್ಟಕ್ಕೆ ಹೋಗಿತ್ತೆಂದೂ ಹೇಳಿದರು. ಶಾಲೆಯ ಹೆಸರು ಕೇಳಿದರೆ ಅದೇ. ಹೊನ್ನಾವರದವರ ಮೇಲಿನ ಪಂದ್ಯ ನೆನಪಿದೆಯೇ, ನೀರಿನ ಹೊಂಡದಿಂದ ಬಂದ ಗೋಲು ನೆನಪಿದೆಯೇ ಎಂದು ಈ ಬರಹಗಾರ ಕೇಳಿದಾಗ ಅವರು ಕಿಟಕಿಯಾಚೆ ನೋಡುತ್ತ ತುಸು ಹೊತ್ತು ಯೋಚಿಸಿದರು. “ಹೊನ್ನಾವರದವ್ರಾ? ಹೌದೌದು, ಒಂದು ವರ್ಷ ಅವ್ರು ಬರ್ಲೇ ಇಲ್ಲ ನೋಡಿ,” ಎಂದರು. “ಆಟ ಇಲ್ಲ ಅಂತಾಯ್ತಲ್ಲ, ನಮ್ಗೆಲ್ಲಾ ತಿಂಡಿ ಬೇಗ ಸಿಕ್ತು.” ಗೋಲಿನ ವಿಷಯ ಅವರಿಗೆ ಎಷ್ಟು ಹೇಳಿದರೂ ಹೊಳೆಯಲಿಲ್ಲ, ತಿಂಡಿ ಅವಲಕ್ಕಿಯೆಂಬುದೂ ಅದಕ್ಕೆ ಮೊಸರು ಕಲಸಿದ್ದರೆಂಬುದೂ ಸ್ಪಷ್ಟವಾಗಿ ನೆನಪಿತ್ತು.